ಕರಡಿಯ ಸ್ನಾನ

ಬಹುಕಾಲ ಮೇಷ್ಟರ ಕೆಲಸ ಮಾಡಿದವನಿಗೆ ತನಗೆ ತಿಳಿಯದ ವಿಷಯವೇ ಇಲ್ಲವೆಂಬ ಭ್ರಮೆ ಹುಟ್ಟುವುದು ಸಹಜ. ತರಗತಿಯಲ್ಲಿ ಎದುರಾಡುವವರಿರುವುದಿಲ್ಲ, ಮನೆಯಲ್ಲಿ ಎದುರಾಡುವವರು ಹೇಳಿ ಹೇಳಿ ಬೇಸತ್ತು ಸುಮ್ಮನಾಗಿರುತ್ತಾರೆ. ನನಗೂ ಅಂಥ ಭ್ರಮೆಯೊಂದಿತ್ತು. ಅದನ್ನು ಕಳೆದದ್ದು ಯಾವ ಪಂಡಿತನೂ ಅಲ್ಲ, ಯಾವ ಗ್ರಂಥವೂ ಅಲ್ಲ. ಮೊಳದುದ್ದದ, ಹೊಟ್ಟೆಯೊಳಗೆ ನಾರು ತುಂಬಿದ, ಕಂದು ಬಣ್ಣದ ಒಂದು ಬಟ್ಟೆಯ ಕರಡಿ. ಆ ಕರಡಿಗೆ ಸ್ನಾನ ಮಾಡಿಸುವ ಸಂದರ್ಭ ಒದಗಿತು. ಬಟ್ಟೆ ಒಗೆಯುವುದರಲ್ಲಿ ಕಲಿಯುವಂಥದು ಏನಿದೆ ಎಂದು ನಾನು ಕೈಹಾಕಿದೆ. ಅಲ್ಲಿಂದ ಆದದ್ದನ್ನು ಇಲ್ಲಿ ಮರೆಮಾಚದೆ ಹೇಳುತ್ತೇನೆ.

ಕರಡಿಯ ಹೆಸರು ಗುಂಡ. ಅದರ ಒಡತಿ ನನ್ನ ಐದು ವರ್ಷದ ಮೊಮ್ಮಗಳು ಪುಟ್ಟಿ. ಎರಡನೆಯ ಹೆರಿಗೆಗೆಂದು ಮಗಳು ತೀರ್ಥಹಳ್ಳಿಯ ನಮ್ಮ ಮನೆಗೆ ಬಂದಾಗ ಪುಟ್ಟಿ ಬಂದಳು. ಪುಟ್ಟಿಯ ಕಂಕುಳಲ್ಲಿ ಗುಂಡ ಬಂದ. ಅವಳಿಗೆ ಒಂದು ವರ್ಷ ತುಂಬಿದಾಗ ಬೆಂಗಳೂರಿನ ಅಂಗಡಿಯೊಂದರಿಂದ ತಂದ ಗೊಂಬೆಯಂತೆ. ಆಗ ಅದರ ಬಣ್ಣ ಜೇನಿನದಾಗಿತ್ತೆಂದು ಮಗಳು ಹೇಳುತ್ತಾಳೆ. ನಾನು ಕಂಡಾಗ ಅದು ಹಳೆಯ ಕಂಬಳಿಯ ಬಣ್ಣಕ್ಕೆ ತಿರುಗಿತ್ತು. ನಾಲ್ಕು ವರ್ಷಗಳಲ್ಲಿ ಗುಂಡ ಪುಟ್ಟಿಯೊಡನೆ ಸಾರನ್ನ ಉಂಡಿದ್ದ, ಮಣ್ಣಾಟ ಆಡಿದ್ದ, ಜ್ವರದಲ್ಲಿ ಮಲಗಿದ್ದ. ಅವನ ಎಡಗಿವಿಯನ್ನು ಬೆರಳುಗಳ ನಡುವೆ ಉಜ್ಜುತ್ತ ಅವಳು ನಿದ್ದೆ ಹೋಗುತ್ತಿದ್ದಳು. ಅವನ ಮೂಗನ್ನು ಚೀಪುವುದೂ ಉಂಟು. ಕೊಬ್ಬರಿ ಎಣ್ಣೆ, ಹಾಲು, ಜೊಲ್ಲು, ಬೆವರು ಇವೆಲ್ಲ ಸೇರಿ ಆದ ಒಂದು ವಾಸನೆ ಅವನಿಗಿತ್ತು. ದೊಡ್ಡವರಿಗೆ ಅದು ದುರ್ವಾಸನೆ. ಪುಟ್ಟಿಗೆ ಅದು ಗುಂಡ.

ಮಳೆ ಹಿಡಿಯಿತು. ಆಗುಂಬೆ ಇರುವ ತಾಲ್ಲೂಕು ನಮ್ಮದು. ಇಲ್ಲಿ ಮಳೆ ಹಿಡಿಯಿತೆಂದರೆ ಬಿಡುವ ಮಾತೇ ಇಲ್ಲ. ಮಗಳು ಆಸ್ಪತ್ರೆಯಲ್ಲಿ ನಾಲ್ಕು ರಾತ್ರಿ ಕಳೆದು, ಗಂಡುಕೂಸನ್ನು ಎತ್ತಿಕೊಂಡು ಮನೆಗೆ ಬಂದು ಬಾಣಂತಿ ಕೋಣೆ ಸೇರಿದಳು. ಪುಟ್ಟಿ ನಮ್ಮ ಕೋಣೆಯಲ್ಲಿ ಮಲಗತೊಡಗಿದಳು. ಆಗಲೇ ಅವಳ ಕೆಮ್ಮು ನಮ್ಮ ಗಮನಕ್ಕೆ ಬಂದದ್ದು. ಹಗಲೆಲ್ಲ ಚೆನ್ನಾಗಿರುವ ಮಗು ನಡುರಾತ್ರಿ ಎದ್ದು ಕುಳಿತು ಕೆಮ್ಮುತ್ತಿತ್ತು. ಎದೆಯಿಂದ ಸಣ್ಣಗೆ ಸಿಳ್ಳೆ ಹೊಡೆದ ಸದ್ದು ಕೇಳುತ್ತಿತ್ತು. ಒಂದು ರಾತ್ರಿ ಉಸಿರೆಳೆದಾಗಲೆಲ್ಲ ಅವಳ ಪಕ್ಕೆಲುಬುಗಳ ನಡುವಣ ಚರ್ಮ ಒಳಕ್ಕೆ ಸೇದಿಕೊಳ್ಳುವುದನ್ನು ಕಂಡು ನನ್ನ ಕೈಕಾಲು ತಣ್ಣಗಾದವು. ಆ ಹೊತ್ತಿನಲ್ಲೇ ಅವಳನ್ನು ಎತ್ತಿಕೊಂಡು ವೈದ್ಯರ ಬಳಿಗೆ ಓಡಿದೆವು.

ವೈದ್ಯರು ಮದ್ದಿನ ಹೊಗೆಯನ್ನು ಉಸಿರಾಡಿಸಿ ಮಗುವಿಗೆ ಸಮಾಧಾನವಾದ ಮೇಲೆ, ಅವಳ ಮಡಿಲಲ್ಲಿದ್ದ ಗುಂಡನನ್ನು ನೋಡಿದರು. “ರಾತ್ರಿ ಇವನೂ ಜೊತೆಗೆ ಮಲಗುತ್ತಾನೋ?” ಎಂದು ಕೇಳಿದರು. ಪುಟ್ಟಿ ಹೆಮ್ಮೆಯಿಂದ ತಲೆಯಾಡಿಸಿದಳು. “ಇವನಿಗೆ ಕೊನೆಯ ಸಲ ಸ್ನಾನ ಆದದ್ದು ಯಾವಾಗ?” ಎಂದು ಅವರು ನನ್ನ ಕಡೆ ತಿರುಗಿದರು. ಮನೆಗೆಲಸ ಬರೆಯದೆ ಬಂದ ಹುಡುಗ ಮೇಷ್ಟರ ಮುಂದೆ ನಿಲ್ಲುವಂತೆ ನಾನು ನಿಂತೆ.

ಅವರು ಹೇಳಿದ್ದರ ಸಾರ ಇಷ್ಟು. ನಮ್ಮ ಹಾಸಿಗೆ, ದಿಂಬು, ಮೆತ್ತನೆಯ ಗೊಂಬೆಗಳಲ್ಲಿ ಬರಿಗಣ್ಣಿಗೆ ಕಾಣದ ನುಸಿಗಳು ವಾಸಿಸುತ್ತವೆ. ತೆಂಗು ಬೆಳೆದವರಿಗೆ ನುಸಿಯ ಹೆಸರು ಹೊಸದಲ್ಲ. ಎಳೆಗಾಯಿಯ ತೊಟ್ಟಿನಡಿ ಸೇರಿ ಕಾಯನ್ನು ಕೆಡಿಸುವ ನುಸಿಯ ದೂರದ ಬಂಧು ಈ ಧೂಳುನುಸಿ. ಜೇಡ, ದನಗಳ ಮೈಮೇಲಿನ ಉಣುಗು ಮುಂತಾದ ಎಂಟು ಕಾಲಿನ ಬಳಗಕ್ಕೆ ಸೇರಿದ್ದು. ಉದ್ದ ಒಂದು ಮಿಲಿಮೀಟರಿನ ಮೂರನೆಯ ಒಂದು ಭಾಗದಷ್ಟು. ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟೇ ಅದರ ಆಹಾರ. ಅದು ನೀರು ಕುಡಿಯುವುದಿಲ್ಲ. ಗಾಳಿಯಲ್ಲಿರುವ ತೇವವನ್ನೇ ಹೀರಿಕೊಂಡು ಬದುಕುತ್ತದೆ. ನಮ್ಮ ಮಲೆನಾಡಿನ ಮಳೆಗಾಲಕ್ಕಿಂತ ಅದಕ್ಕೆ ಬೇರೆ ಸ್ವರ್ಗ ಬೇಕೆ? ಅದು ಕಚ್ಚುವುದಿಲ್ಲ. ಆದರೆ ಅದರ ಹಿಕ್ಕೆ ಧೂಳಿನೊಡನೆ ಬೆರೆತು ಉಸಿರಿನ ಮೂಲಕ ಒಳಹೊಕ್ಕಾಗ ಕೆಲವರ ಶ್ವಾಸನಾಳ ಕೆರಳಿ ಬಿಗಿದುಕೊಳ್ಳುತ್ತದೆ. ಮನೆಯ ಧೂಳಿನಿಂದ ಉಬ್ಬಸ ಕೆರಳುವುದೆಂಬುದು ಮೊದಲೇ ತಿಳಿದಿದ್ದರೂ, ಆ ಧೂಳಿನಲ್ಲಿರುವ ನುಸಿಯೇ ಅಪರಾಧಿಯೆಂದು ತೋರಿಸಿಕೊಟ್ಟವರು ನೆದರ್ಲೆಂಡಿನ ಲೈಡನ್ ನಗರದ ಸಂಶೋಧಕರು. ಅದು 1960ರ ದಶಕದ ಮಾತು.

“ಹಾಸಿಗೆಯ ಬಟ್ಟೆಗಳನ್ನು ಚೆನ್ನಾಗಿ ಬಿಸಿಯಾದ ನೀರಿನಲ್ಲಿ ಒಗೆಯಿರಿ. ಈ ಮಹಾಶಯನನ್ನೂ ಶುಚಿಮಾಡಿ. ಹಾಗೆಯೇ, ಹಸುಗೂಸಿನ ತೊಟ್ಟಿಲಲ್ಲಿ ಮಾತ್ರ ಯಾವ ಮೆತ್ತನೆಯ ಗೊಂಬೆಯನ್ನೂ ಇಡಬೇಡಿ. ಒಂದು ವರ್ಷ ತುಂಬುವವರೆಗೆ ಬೇಡವೇ ಬೇಡ. ಮುಖದ ಮೇಲೆ ಬಿದ್ದರೆ ತಳ್ಳಿಕೊಳ್ಳುವ ಶಕ್ತಿ ಅದಕ್ಕಿರುವುದಿಲ್ಲ” ಎಂದು ವೈದ್ಯರು ಹೇಳಿ ಕಳುಹಿಸಿದರು.

ಮನೆಯಲ್ಲಿ ಸಭೆ ಸೇರಿತು. ಅದನ್ನು ಎಸೆದು ಹೊಸದೊಂದನ್ನು ತಂದುಬಿಡುವುದು ಲೇಸೆಂದು ನೆರೆಮನೆಯವರು ಅಭಿಪ್ರಾಯಪಟ್ಟರು. ಅಳಿಯ ಬೆಂಗಳೂರಿನಿಂದ ಅದೇ ಬಣ್ಣದ್ದನ್ನೇ ಕಳುಹಿಸುತ್ತೇನೆಂದ. ಒಬ್ಬಳೇ ಒಬ್ಬಳು ವಿರೋಧಿಸಿದಳು: ನನ್ನ ಮಗಳು. “ಅಪ್ಪ, ಈಗ ಅವಳ ಪಾಲಿಗೆ ನಾನೂ ಅರ್ಧ ಇಲ್ಲ. ಗುಂಡನನ್ನೂ ಕಿತ್ತುಕೊಳ್ಳಬೇಡಿ” ಎಂದಳು.

ಆ ಮಾತು ಕೇಳಿದಾಗ ಹಿಂದೆಂದೋ ಓದಿದ್ದೊಂದು ನೆನಪಾಯಿತು. ಇಂಗ್ಲೆಂಡಿನಲ್ಲಿ ಡೊನಾಲ್ಡ್ ವಿನಿಕಾಟ್ ಎಂಬ ಮಕ್ಕಳ ವೈದ್ಯರಿದ್ದರು. ಮಕ್ಕಳ ಮನಸ್ಸನ್ನು ಬಲ್ಲವರು. ಮಕ್ಕಳು ಹಳೆಯ ಕಂಬಳಿಯ ತುಂಡನ್ನೋ ಗೊಂಬೆಯನ್ನೋ ಬಿಡದೆ ಹಿಡಿದುಕೊಳ್ಳುವುದೇಕೆ ಎಂಬುದನ್ನು ಕುರಿತು 1953ರಲ್ಲಿ ಅವರು ಒಂದು ಪ್ರಬಂಧವನ್ನು ಪ್ರಕಟಿಸಿದರು. ತಾಯಿಯ ಮಡಿಲಿಗೂ ಹೊರಗಿನ ಪ್ರಪಂಚಕ್ಕೂ ನಡುವೆ ಮಗು ಕಟ್ಟಿಕೊಳ್ಳುವ ಸೇತುವೆ ಅದು ಎಂಬುದು ಅವರ ಅಭಿಪ್ರಾಯ. ಅದರಲ್ಲಿ ನನಗೆ ಮರೆಯದೆ ಉಳಿದ ಮಾತು ಇನ್ನೊಂದು. ಆ ವಸ್ತು ಕೊಳೆಯಾದರೂ, ನಾರಿದರೂ ತಾಯಂದಿರು ಅದನ್ನು ಹಾಗೆಯೇ ಬಿಡುತ್ತಾರಂತೆ. ಒಗೆದುಬಿಟ್ಟರೆ ಮಗುವಿನ ಅನುಭವದಲ್ಲಿ ಏನೋ ಒಂದು ತುಂಡಾಗಿಬಿಡುವುದೆಂದು ಅವರಿಗೆ ಗೊತ್ತಿರುತ್ತದಂತೆ. ಓದಿದಾಗ ಇದು ವಿದ್ವಾಂಸರ ಅತಿಶಯೋಕ್ತಿಯೆಂದು ನಕ್ಕಿದ್ದೆ. ಈಗ ನಗು ಬರಲಿಲ್ಲ. ಒಗೆಯದಿದ್ದರೆ ಮಗುವಿನ ಉಸಿರಿಗೆ ಕೇಡು. ಒಗೆದರೆ ಮನಸ್ಸಿಗೆ ಕೇಡು. ಯಾವುದೂ ಕೆಡದಂತೆ ಮಾಡುವುದು ಹೇಗೆ?

ನಮ್ಮ ಬಾಲ್ಯದಲ್ಲಿ ಈ ತೊಡಕಿರಲಿಲ್ಲ. ಚನ್ನಪಟ್ಟಣದ ಬುಗುರಿ, ಗಿಲಕಿಗಳು ಹಾಲೆ ಮರದವು. ಮೇಲೆ ಅರಗಿನ ಬಣ್ಣ. ಒದ್ದೆ ಬಟ್ಟೆಯಿಂದ ಒರೆಸಿದರೆ ಹೊಸದರಂತೆ ಹೊಳೆಯುತ್ತಿದ್ದವು. ನುಸಿ ಸೇರಲು ಅಲ್ಲಿ ಸಂದಿಯೇ ಇಲ್ಲ. ಬಟ್ಟೆಯ ಕರಡಿ ನಮ್ಮಲ್ಲಿಗೆ ಬಹಳ ತಡವಾಗಿ ಬಂದ ಅತಿಥಿ. 1902ರ ನವೆಂಬರಿನಲ್ಲಿ ಅಮೆರಿಕದ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಬೇಟೆಗೆ ಹೋಗಿದ್ದಾಗ, ಕಟ್ಟಿಹಾಕಿದ್ದ ಕರಡಿಯೊಂದನ್ನು ಗುಂಡಿಟ್ಟು ಕೊಲ್ಲಲು ಒಪ್ಪಲಿಲ್ಲ. ಪತ್ರಿಕೆಯೊಂದರಲ್ಲಿ ಅದರ ವ್ಯಂಗ್ಯಚಿತ್ರ ಬಂದಿತು. ಅದನ್ನು ನೋಡಿ ಬ್ರೂಕ್ಲಿನ್ನಿನ ಅಂಗಡಿಕಾರ ದಂಪತಿಗಳು ಬಟ್ಟೆಯ ಕರಡಿಯನ್ನು ಹೊಲಿದು ಮಾರಾಟಕ್ಕಿಟ್ಟರು. ಅಧ್ಯಕ್ಷರ ಮುದ್ದಿನ ಹೆಸರು ಟೆಡ್ಡಿ. ಅದೇ ಕರಡಿಗೂ ಅಂಟಿಕೊಂಡಿತು. ಅದೇ ಕಾಲಕ್ಕೆ ಜರ್ಮನಿಯಲ್ಲಿಯೂ ಇಂಥ ಕರಡಿಗಳು ಹುಟ್ಟಿದವು. ಆ ಮೊದಲ ಕರಡಿಗಳ ಹೊಟ್ಟೆಯಲ್ಲಿದ್ದುದು ಎಳೆಎಳೆಯಾಗಿ ಹೆರೆದ ಮರದ ಚೂರು. ಅವನ್ನು ನೀರಿಗೆ ಅದ್ದುವಂತೆಯೇ ಇರಲಿಲ್ಲ. ಗುಂಡನ ಹೊಟ್ಟೆಯಲ್ಲಿ ಏನಿದೆಯೆಂದು ನಾನು ಯೋಚಿಸಬೇಕಾಗಿತ್ತು. ಯೋಚಿಸಲಿಲ್ಲ.

ಪುಟ್ಟಿ ಮಧ್ಯಾಹ್ನ ನಿದ್ದೆ ಹೋದಾಗ ಗುಂಡನನ್ನು ಅವಳ ತೋಳಿನಿಂದ ಮೆಲ್ಲಗೆ ಜಾರಿಸಿ ಬಚ್ಚಲಿಗೆ ಒಯ್ದೆ. ನಮ್ಮ ಬಚ್ಚಲಿನ ಹಂಡೆಯಲ್ಲಿ ಮಳೆಗಾಲವಿಡೀ ನೀರು ಕಾಯುತ್ತಲೇ ಇರುತ್ತದೆ. ಆ ಕುದಿನೀರನ್ನು ಬಕೆಟ್ಟಿಗೆ ತುಂಬಿ, ಕೊಳೆ ಹೆಚ್ಚಿದೆಯಲ್ಲವೆ ಎಂದು ಸೋಪಿನ ಪುಡಿಯನ್ನು ಎರಡು ಹಿಡಿ ಸುರಿದು, ಕರಡಿಯನ್ನು ಮುಳುಗಿಸಿ ಒಂದು ಗಂಟೆ ಬಿಟ್ಟೆ. ಆಮೇಲೆ ಪಂಚೆ ಹಿಂಡುವಂತೆ ತಲೆ ಒಂದು ಕಡೆ, ಕಾಲು ಒಂದು ಕಡೆ ತಿರುವಿ ಹಿಂಡಿದೆ. ಒಳಗಿನ ನಾರು ಉಂಡೆಯುಂಡೆಯಾಯಿತು. ಹೊಟ್ಟೆಯ ಮೇಲೆ ಕಂದು ಕಲೆಯೊಂದು ಕಾಣಿಸಿತು. ಹಳೆಯ ಕೊಳೆ ಹೊರಬಿತ್ತೆಂದು ಸಂತೋಷಪಟ್ಟೆ. ಎಷ್ಟು ಜಾಲಿಸಿದರೂ ನೊರೆ ನಿಲ್ಲಲಿಲ್ಲ. ಸಾಕೆನಿಸಿ, ಎರಡು ಕಿವಿಗಳಿಗೂ ಕ್ಲಿಪ್ಪು ಸಿಕ್ಕಿಸಿ ಜಗುಲಿಯ ಹಗ್ಗಕ್ಕೆ ನೇತುಹಾಕಿ, ಕೈತೊಳೆದುಕೊಂಡು ವೃತ್ತಪತ್ರಿಕೆ ಹಿಡಿದು ಕುಳಿತೆ.

ಪುಟ್ಟಿ ಎದ್ದು ಜಗುಲಿಗೆ ಬಂದಳು. ಕಿವಿ ಹಿಡಿದು ತೂಗುಹಾಕಿದ್ದ, ಕಾಲಿನಿಂದ ನೀರು ತೊಟ್ಟಿಕ್ಕುತ್ತಿದ್ದ ಗುಂಡನನ್ನು ನೋಡಿದಳು. ಅವಳು ಕೂಗಿ ಅತ್ತಿದ್ದರೆ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ. ಮಾತಿಲ್ಲದೆ ಹಗ್ಗದ ಕೆಳಗೆ ಕುಳಿತುಬಿಟ್ಟಳು. “ಅಜ್ಜ, ಅವನು ಏನು ತಪ್ಪು ಮಾಡಿದ?” ಎಂದು ಸ್ವಲ್ಪ ಹೊತ್ತಿನ ಮೇಲೆ ಕೇಳಿದಳು. ಮಕ್ಕಳ ಕಿವಿ ಹಿಂಡುವುದನ್ನೇ ಶಿಕ್ಷಣವೆಂದು ತಿಳಿದಿದ್ದ ಕಾಲದಲ್ಲಿ ಮೇಷ್ಟರ ಕೆಲಸಕ್ಕೆ ಸೇರಿದವನು ನಾನು. ಉತ್ತರ ಹೊಳೆಯಲಿಲ್ಲ.

ಎರಡು ದಿನ ಕಳೆದ ಮೇಲೆ ಮುಟ್ಟಿ ನೋಡಿದೆ. ಮೈ ಒಣಗಿತ್ತು. ಗುಂಡ ಒಡತಿಯ ವಶಕ್ಕೆ ಮರಳಿದ. ಐದನೆಯ ದಿನ ಕೋಣೆಯಲ್ಲಿ ಮುಗ್ಗುಲು ವಾಸನೆ. ಎಲ್ಲಿಂದ ಬಂದಿತೆಂದು ಹುಡುಕಿ ಹುಡುಕಿ ಕೊನೆಗೆ ಕರಡಿಯನ್ನು ಮೂಗಿಗೆ ಹಿಡಿದಾಗ ತಿಳಿಯಿತು: ಹೊರಗೆ ಒಣಗಿದ್ದರೂ ಒಳಗೆ ಹಸಿಯಾಗಿಯೇ ಉಳಿದು ಬೂಸಲು ಹಿಡಿದಿತ್ತು. ಆ ರಾತ್ರಿ ಪುಟ್ಟಿಯ ಕೆಮ್ಮು ಮೊದಲಿಗಿಂತ ಹೆಚ್ಚಾಯಿತು. ನುಸಿಯಂತೆಯೇ ಬೂಸಲೂ ಉಬ್ಬಸದವರಿಗೆ ವೈರಿ. ಒಂದು ಕೇಡನ್ನು ಓಡಿಸಲು ಹೋಗಿ ನಾನು ಇನ್ನೊಂದನ್ನು ಕರೆತಂದು ಮಗುವಿನ ಎದೆಯ ಮೇಲೆ ಮಲಗಿಸಿದ್ದೆ.

ತಪ್ಪನ್ನು ತಿದ್ದುವ ಆತುರದಲ್ಲಿ ಮನುಷ್ಯ ಮೊದಲಿಗಿಂತ ದೊಡ್ಡ ತಪ್ಪನ್ನು ಮಾಡುತ್ತಾನೆ. ಬಾಣಂತಿ ಕೋಣೆಯಲ್ಲಿ ಅಗ್ಗಿಷ್ಟಿಕೆಯ ಕೆಂಡದ ಮೇಲೆ ಬಿದಿರಿನ ಬುಟ್ಟಿಯನ್ನು ಬೋರಲು ಹಾಕಿ, ಅದರ ಮೇಲೆ ಕೂಸಿನ ಬಟ್ಟೆಗಳನ್ನು ಹರಡಿ ಒಣಗಿಸುತ್ತಿದ್ದರು. ಮಲೆನಾಡಿನಲ್ಲಿ ಅದು ತಲೆತಲಾಂತರದ ಪದ್ಧತಿ. ಬಟ್ಟೆಗಳನ್ನೆಲ್ಲ ಒಳಗೆ ಒಯ್ದ ಮೇಲೆ ಆ ಬುಟ್ಟಿಯನ್ನು ಹಿತ್ತಲ ಕಡೆಯ ಪಡಸಾಲೆಗೆ ತಂದು, ಇನ್ನಷ್ಟು ಕೆಂಡ ಹಾಕಿ, ಗುಂಡನನ್ನು ಅದರ ಮೇಲೆ ಕೂರಿಸಿ, ಯಾರೋ ಕರೆದರೆಂದು ಬಾಗಿಲಿಗೆ ಹೋದೆ. ಮಾತು ಸ್ವಲ್ಪ ಬೆಳೆಯಿತು. ಅಷ್ಟರಲ್ಲಿ ನನ್ನವಳ ಕೂಗು ಕೇಳಿಸಿತು. ಓಡಿ ಬಂದು ನೋಡಿದರೆ ಕರಡಿ ಒಂದು ಪಕ್ಕಕ್ಕೆ ವಾಲಿ, ಎಡಗಿವಿ ಬುಟ್ಟಿಯ ಕಂಡಿಯೊಳಗೆ ಇಳಿದಿದೆ. ಕಟುವಾದ ಹೊಗೆ ಏಳುತ್ತಿದೆ. ಅವಳು ಕರಡಿಯನ್ನು ಎಳೆದು ಅಂಗಳದ ಮಳೆಗೆ ಎಸೆದಿದ್ದಳು. “ಅಲ್ಲ, ಹತ್ತಿಯ ಬಟ್ಟೆ ಯಾವುದು, ಇದು ಯಾವುದು ಅಂತ ನೋಡಬೇಡವೇ ನೀವು? ಮನೆಯಲ್ಲಿ ಬಾಣಂತಿ, ಹಸುಗೂಸು!” ಎಂದಳು. ಅವಳ ಕೈ ನಡುಗುತ್ತಿತ್ತು.

ಅವಳು ಹೇಳಿದ್ದು ಸತ್ಯ. ಗುಂಡನ ತುಪ್ಪುಳೂ ಒಳಗಿನ ನಾರೂ ಪಾಲಿಯೆಸ್ಟರ್. ಹತ್ತಿಯ ಬಟ್ಟೆ ಬೆಂಕಿಗೆ ಸುಟ್ಟು ಬೂದಿಯಾಗುತ್ತದೆ. ಇದು ಕಾವಿಗೆ ಕರಗಿ, ಅಂಟಾಗಿ, ಮುಟ್ಟಿದ ಚರ್ಮಕ್ಕೆ ಹಿಡಿದುಕೊಂಡು ಉರಿಯುತ್ತದೆ. ಕೂಸಿನ ಬಟ್ಟೆಗೆ ಸರಿಯಾದದ್ದು ಕರಡಿಗೆ ಸರಿಯಲ್ಲ. ಬಟ್ಟೆಯನ್ನು ಒಣಗಿಸುವಾಗಲೂ ಕೆಂಡವನ್ನು ಕಣ್ಣಿಂದ ಬಿಟ್ಟು ಹೋಗಬಾರದೆಂಬುದು ನಮ್ಮ ಅಜ್ಜಿಯರಿಗೆ ಗೊತ್ತಿತ್ತು, ಎಂ.ಎ. ಓದಿದ ನನಗೆ ಗೊತ್ತಿರಲಿಲ್ಲ.

ಎಡಗಿವಿ ಕರಗಿ, ಮೇಣದಂತೆ ಗಟ್ಟಿಯಾಗಿ ಮುದುಡಿಕೊಂಡಿತ್ತು. ಪುಟ್ಟಿ ಉಜ್ಜುತ್ತಿದ್ದ ಕಿವಿ ಅದೇ.

ಆ ಸಂಜೆ ಗುಂಡನನ್ನು ಮೇಜಿನ ಮೇಲಿಟ್ಟುಕೊಂಡು, ಮೊದಲೇ ಮಾಡಬೇಕಾಗಿದ್ದ ಕೆಲಸವನ್ನು ಮಾಡಿದೆ, ಅವನನ್ನು ಓದಿದೆ. ಕಾಲಿನ ಸಂದಿನಲ್ಲಿ ಹೊಲಿದಿದ್ದ ಬಿಳಿಯ ಪಟ್ಟಿಯೊಂದು ಬಳಸಿ ಬಳಸಿ ಮಾಸಿತ್ತಾದರೂ ಕನ್ನಡಕದ ಮೇಲೆ ಭೂತಗಾಜನ್ನು ಹಿಡಿದರೆ ಕಾಣುತ್ತಿತ್ತು. ನೀರಿನ ತೊಟ್ಟಿಯ ಚಿತ್ರ, ಅದರಲ್ಲಿ ಅದ್ದಿದ ಕೈ: ಕೈಯಿಂದಲೇ ಒಗೆಯಬೇಕು. ತ್ರಿಕೋನದ ಮೇಲೆ ಕತ್ತರಿ ಗುರುತು: ಬಣ್ಣ ತೆಗೆಯುವ ಬ್ಲೀಚಿಂಗ್ ಪುಡಿ ಕೂಡದು. ಚೌಕದೊಳಗಿನ ವೃತ್ತಕ್ಕೂ ಕತ್ತರಿ ಗುರುತು: ಒಣಗಿಸುವ ಯಂತ್ರದ ಬಿಸಿ ಕೂಡದು. ಎಲ್ಲವನ್ನೂ ಚಿತ್ರದಲ್ಲಿಯೇ ಬರೆದಿದ್ದರು. ಅಕ್ಷರ ಬಾರದವರೂ ಓದಬಹುದಾಗಿತ್ತು. ಪಾಠವನ್ನು ತೆರೆಯದೆ ಪರೀಕ್ಷೆಗೆ ಕುಳಿತ ಹುಡುಗರನ್ನು ಎಷ್ಟು ಬೈದಿದ್ದೇನೆಂದು ನೆನೆಸಿಕೊಂಡೆ.

ಆದರೂ ಒಂದು ಸಂಶಯ ಉಳಿಯಿತು. ನುಸಿ ಸಾಯಬೇಕಾದರೆ ನೀರು 60 ಡಿಗ್ರಿಯಷ್ಟು ಬಿಸಿ ಇರಬೇಕು. ಈ ಕರಡಿಗೆ ಅಷ್ಟು ಬಿಸಿ ಸಲ್ಲದು. ಮರುದಿನ ವೈದ್ಯರನ್ನು ಕೇಳಿದಾಗ ಅವರು ನಕ್ಕರು. “ಬಿಸಿ ಆಗದಿದ್ದರೆ ಚಳಿ ಕೊಡಿ” ಎಂದರು. ಗೊಂಬೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಫ್ರಿಜ್ಜಿನ ಮಂಜುಗಡ್ಡೆಯ ಖಾನೆಯಲ್ಲಿ ಇಡೀ ಒಂದು ದಿನ ಇಟ್ಟರೆ ನುಸಿಗಳು ಸಾಯುತ್ತವೆ. ಸತ್ತರೂ ಅವುಗಳ ಹಿಕ್ಕೆ ಅಲ್ಲಿಯೇ ಇರುತ್ತದಲ್ಲ, ಅದನ್ನು ತೆಗೆಯಲು ಆಮೇಲೆ ತೊಳೆಯಬೇಕು. ಕೆಮ್ಮಿಗೆ ಕಾರಣವಾಗುವ ಅಂಶ ನೀರಿನಲ್ಲಿ ಕರಗುವಂಥದು. ಅದಕ್ಕೆ ಉಗುರುಬೆಚ್ಚನೆಯ ನೀರು ಸಾಕು. ಕೊಲ್ಲುವ ಕೆಲಸ ಬೇರೆ, ತೊಳೆಯುವ ಕೆಲಸ ಬೇರೆ. ಎರಡನ್ನೂ ಕುದಿನೀರಿನಿಂದ ಒಂದೇ ಏಟಿಗೆ ಮಾಡಹೊರಟದ್ದು ನನ್ನ ಅವಿವೇಕ.

ಎರಡನೆಯ ಸಲ ಕದ್ದು ಮಾಡಲಿಲ್ಲ. ಪುಟ್ಟಿಯನ್ನು ಎದುರಿಗೆ ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ. ಗುಂಡ ಹಿಮಾಲಯಕ್ಕೆ ಹೋಗಿ ಬರುತ್ತಾನೆ, ಬಂದ ಮೇಲೆ ಸ್ನಾನ, ಸ್ನಾನವನ್ನು ನೀನೇ ಮಾಡಿಸಬೇಕು ಎಂದೆ. ಅವಳು ಬಹಳ ಯೋಚಿಸಿ ಒಪ್ಪಿದಳು. ಹಿಮಾಲಯದಲ್ಲಿ ಚಳಿಯಾಗದಿರಲೆಂದು ಅವನ ಕೊರಳಿಗೆ ಕೈವಸ್ತ್ರ ಕಟ್ಟಿದಳು.

ಹೊರಡುವ ಮುನ್ನ ನನ್ನವಳು ಗುಂಡನನ್ನು ಕೈಗೆ ತೆಗೆದುಕೊಂಡಳು. ಅವಳು ಹೊಲಿಗೆ ಬಲ್ಲವಳು. ಕಣ್ಣುಗಳನ್ನು ಒಂದೊಂದಾಗಿ ಎಳೆದು ನೋಡಿದಳು. ಸಡಿಲವಾದ ಕಣ್ಣು ಕಿತ್ತು ಬಂದರೆ ಮಕ್ಕಳ ಗಂಟಲಿಗೆ ಸಿಕ್ಕುತ್ತದೆ. ಹಾಡುವ, ಮಿನುಗುವ ಗೊಂಬೆಯಾದರೆ ಹೊಟ್ಟೆಯಲ್ಲಿ ಬ್ಯಾಟರಿಯಿರುತ್ತದೆ. ಅದನ್ನು ನೀರಿಗೆ ಹಾಕದೆ ಮೇಲೆ ಮೇಲೆ ಒರೆಸಬೇಕು. ಬ್ಯಾಟರಿಯ ಮುಚ್ಚಳದ ತಿರುಪು ಬಿಗಿಯಾಗಿದೆಯೇ ಎಂದೂ ನೋಡಬೇಕು. ಗುಂಡಿಯಷ್ಟೇ ಇರುವ ಆ ಬ್ಯಾಟರಿಯನ್ನು ಮಗು ನುಂಗಿತೆಂದರೆ ಎರಡು ಗಂಟೆಯೊಳಗೆ ಅನ್ನನಾಳವನ್ನು ಸುಟ್ಟುಬಿಡಬಲ್ಲದು. ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಗುಂಡ ಮೂಕ, ಆ ಭಯವಿರಲಿಲ್ಲ. ಆಮೇಲೆ ಅವಳು ಅವನ ಮೈಯನ್ನು ಅಂಗುಲ ಅಂಗುಲವಾಗಿ ಒತ್ತಿ ನೋಡತೊಡಗಿದಳು. ಹೊಟ್ಟೆಯ ಬಳಿ ಕೈ ನಿಂತಿತು.

“ಒಳಗೆ ಏನೋ ಚುಚ್ಚುತ್ತದೆ” ಎಂದಳು.

ಕಂಕುಳಿನ ಹೊಲಿಗೆ ಎರಡು ಬೆರಳು ಹಿಡಿಸುವಷ್ಟು ಬಿಟ್ಟಿತ್ತು. ಅದರೊಳಗಿಂದ ಅವಳು ಹೊರತೆಗೆದದ್ದು ತುಕ್ಕು ಹಿಡಿದ ಒಂದು ಹೇರ್‌ಪಿನ್. ಹೊಟ್ಟೆಯ ಮೇಲಿನ ಕಂದು ಕಲೆ ಕೊಳೆಯಲ್ಲ, ಈ ತುಕ್ಕು. ಅಂದು ನಾನು ಬಲವಾಗಿ ಹಿಂಡಿದಾಗ ಅದು ನನ್ನ ಅಂಗೈಗೆ ಚುಚ್ಚಲಿಲ್ಲ. ಆಮೇಲಿನ ರಾತ್ರಿಗಳಲ್ಲಿ ಮಗುವಿನ ಕೆನ್ನೆಗೆ, ಕಣ್ಣಿಗೆ ಚುಚ್ಚಲಿಲ್ಲ. ಅದು ನಮ್ಮ ಭಾಗ್ಯ, ಜಾಣತನವಲ್ಲ.

“ಇದು ಇಲ್ಲಿಗೆ ಹೇಗೆ ಬಂತು, ಪುಟ್ಟಿ?” ಎಂದು ನನ್ನವಳು ಮೆಲ್ಲಗೆ ಕೇಳಿದಳು.

ಪುಟ್ಟಿ ನೆಲ ನೋಡುತ್ತ ಹೇಳಿದಳು: “ಅದು ಅಮ್ಮನದು. ಅಮ್ಮ ಆಸ್ಪತ್ರೆಗೆ ಹೋದಾಗ ದಿಂಬಿನ ಮೇಲಿತ್ತು. ಗುಂಡನಿಗೆ ಭಯವಾಗುತ್ತಿತ್ತು, ಅದಕ್ಕೆ ಅವನ ಹತ್ತಿರ ಇಟ್ಟೆ.”

ನಾವಿಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಲಿಲ್ಲ. ನನ್ನವಳು ಬಾಣಂತಿ ಕೋಣೆಗೆ ಹೋಗಿ ಮಗಳ ಬಳಿ ಏನೋ ಮಾತನಾಡಿ ಬಂದಳು.

ಹಿಮಾಲಯ ಯಾತ್ರೆ ಮುಗಿಯಿತು. ಗುಂಡನ ಮೈಯ ಚಳಿ ಬಿಟ್ಟ ಮೇಲೆ ನನ್ನವಳು ಬೆನ್ನಿನ ಹೊಲಿಗೆಯನ್ನು ನಾಲ್ಕು ಬೆರಳಷ್ಟು ಬಿಚ್ಚಿ, ಒಳಗಿನ ನಾರನ್ನೆಲ್ಲ ಹೊರತೆಗೆದಳು. ಬಿಸಿಲಿನ ಊರಿನವರಿಗೆ ಈ ಶಸ್ತ್ರಚಿಕಿತ್ಸೆ ಬೇಕಾಗದು. ನಮ್ಮ ಮಳೆಗಾಲದಲ್ಲಿ ತುಂಬಿದ ಹೊಟ್ಟೆ ಒಣಗುವ ಮಾತೇ ಇಲ್ಲ. ಬೂಸಲು ಹಿಡಿದು ಕಪ್ಪಾದ ನಾರನ್ನು ಎಸೆದು, ಅಷ್ಟೇ ತೂಕದ ಹೊಸ ನಾರನ್ನು ಪೇಟೆಯ ಹಾಸಿಗೆ ಅಂಗಡಿಯಿಂದ ತಂದು ಸೇರಿಸಿದೆ. ಪಾಲಿಯೆಸ್ಟರ್ ಎಳೆ ಹತ್ತಿಯಂತೆ ನೀರನ್ನು ತನ್ನೊಳಗೆ ಹೀರಿಕೊಳ್ಳುವುದಿಲ್ಲ; ನೀರು ಎಳೆಗಳ ನಡುವೆ ನಿಲ್ಲುತ್ತದೆ, ಅಷ್ಟೆ. ಬಿಡಿಸಿ ಹರಡಿದರೆ ಬೇಗ ಒಣಗುತ್ತದೆ. ಉಂಡೆಯಾಗಿ ಬಿಟ್ಟರೆ ವಾರ ಕಳೆದರೂ ಒಣಗದು. ಗೊಂಬೆಯನ್ನು ಹಿಂಡಬಾರದೆನ್ನುವುದು ಇದಕ್ಕೇ.

ಸ್ನಾನ ಪುಟ್ಟಿಯದೇ. ಉಗುರುಬೆಚ್ಚನೆಯ ನೀರು, ಒಂದು ಚಮಚ ಸೋಪು. ಅದನ್ನು ಮೊದಲು ನೀರಿನಲ್ಲಿ ಪೂರ್ತಿ ಕರಗಿಸಿದೆವು. ಬಣ್ಣ ಬಿಡುತ್ತದೆಯೇ ಎಂದು ತಿಳಿಯಲು ಒಳತೊಡೆಯ ಬಳಿ ಒದ್ದೆಯ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿದೆವು, ಬಿಡಲಿಲ್ಲ. ಹಸುಗೂಸಿಗೆ ನೀರೆರೆಯುವ ಅಜ್ಜಿಯನ್ನು ನೋಡಿ ಕಲಿತಿದ್ದ ಪುಟ್ಟಿ, ಗುಂಡನ ಖಾಲಿ ಮೈಯನ್ನು ಕಾಲ ಮೇಲೆ ಮಲಗಿಸಿಕೊಂಡು ಅದೇ ರೀತಿ ತಿಕ್ಕಿ ತೊಳೆದಳು. ಜಾಲಿಸುವ ಕೆಲಸ ನನ್ನದು. ಆರು ಬಾರಿ ನೀರು ಬದಲಾಯಿಸಿದೆ. ತಿಳಿನೀರು ತಿಳಿಯಾಗಿಯೇ ಉಳಿಯುವವರೆಗೂ ಬಿಡಲಿಲ್ಲ. ಚೀಪುವ ಮಗುವಿನ ಬಾಯಿಗೆ, ಚರ್ಮಕ್ಕೆ ಸೋಪು ಉಳಿದಿರಬಾರದು. ಆಮೇಲೆ ದಪ್ಪ ಟವೆಲ್ಲಿನಲ್ಲಿ ಚಾಪೆ ಸುತ್ತುವಂತೆ ಸುತ್ತಿ, ಮೇಲಿನಿಂದ ಅಂಗೈಯಲ್ಲಿ ಒತ್ತಿದೆವು. ನೀರೆಲ್ಲ ಟವೆಲ್ಲಿಗೆ ಇಳಿಯಿತು. ಅಡಕೆ ಒಣಗಿಸುವ ತಟ್ಟಿಯ ಮೇಲೆ ಹಳೆಯ ಪಂಚೆ ಹಾಸಿ, ನಾರನ್ನು ಬಿಡಿಸಿ ಹರಡಿ, ಮೈಯನ್ನು ಪಕ್ಕದಲ್ಲಿ ಮಲಗಿಸಿದೆವು. ಈ ಸಲ ಕಿವಿಗೆ ಕ್ಲಿಪ್ಪಿಲ್ಲ, ಕೆಂಡವಿಲ್ಲ, ಮೇಲೆ ಫ್ಯಾನು ಮಾತ್ರ.

ಒಣಗಿತೆಂದು ತಿಳಿಯುವುದು ಹೇಗೆ? ಕೈಯನ್ನು ನಂಬಿ ಒಮ್ಮೆ ಮೋಸಹೋಗಿದ್ದೆ. ಮಳೆಗಾಲದಲ್ಲಿ ತಣ್ಣಗಿರುವುದೆಲ್ಲ ಒದ್ದೆಯಂತೆ, ಒದ್ದೆಯಾದದ್ದು ಬರೀ ತಣ್ಣಗಿರುವಂತೆ ಕಾಣುತ್ತದೆ. ಆಗ ಅಡುಗೆಮನೆಯ ಸಣ್ಣ ತಕ್ಕಡಿ ನೆನಪಾಯಿತು. ನೀರಿಗೆ ಇಳಿಸುವ ಮುನ್ನ ಗುಂಡನ ಚರ್ಮವನ್ನೂ ನಾರನ್ನೂ ಸೇರಿಸಿ ತೂಗಿದ್ದೆ: 410 ಗ್ರಾಂ. ಸ್ನಾನದ ಸಂಜೆ 640. ಮರುದಿನ ಸಂಜೆ 470. ಮೂರನೆಯ ದಿನ 418. ಮುಟ್ಟಿದರೆ ಪೂರ್ತಿ ಒಣಗಿದೆ. ಮೊದಲ ಬಾರಿ ನಾನು ಮಗುವಿಗೆ ಕೊಟ್ಟದ್ದು ಬಹುಶಃ ಇದಕ್ಕಿಂತ ಎಷ್ಟೋ ಹೆಚ್ಚು ಹಸಿಯಿದ್ದಾಗ. ಪುಟ್ಟಿ ಬೇಡಿದಳು, ನಾನು ಕೊಡಲಿಲ್ಲ. ನಾಲ್ಕನೆಯ ದಿನ 404. ಐದನೆಯ ದಿನವೂ 404. ತೂಕ ಇನ್ನು ಇಳಿಯಲಿಲ್ಲವೆಂದರೆ ಹೋಗಬೇಕಾದ ನೀರೆಲ್ಲ ಹೋಯಿತೆಂದು ಅರ್ಥ. ಮೊದಲಿಗಿಂತ ಆರು ಗ್ರಾಂ ಕಡಿಮೆಯಾದದ್ದು ನಾಲ್ಕು ವರ್ಷದ ಕೊಳೆಯೆಂದು ಪುಟ್ಟಿಗೆ ಹೇಳಿದೆ. “ಆರು ಗ್ರಾಂ ಎಂದರೆ ಎಷ್ಟು?” ಎಂದಳು. ಒಂದು ಚಮಚ ಸಕ್ಕರೆಯನ್ನು ತಟ್ಟೆಗೆ ಸುರಿದು, ಇದಕ್ಕಿಂತ ಸ್ವಲ್ಪ ಹೆಚ್ಚು ಎಂದು ತೋರಿಸಿದೆ. ಅಷ್ಟೊಂದು ಕೊಳೆಯೇ ಎಂದು ಅವಳಿಗೆ ಹೆಮ್ಮೆಯಾಯಿತು. ಸಕ್ಕರೆಯನ್ನು ತಿಂದು ಮುಗಿಸಿದಳು.

ಆ ಐದು ರಾತ್ರಿಗಳನ್ನು ಅವಳು ಹೇಗೆ ಕಳೆದಳೆಂಬುದನ್ನು ಹೇಳಬೇಕು. ಮೊದಲ ರಾತ್ರಿ ಅತ್ತಳು. ಎರಡನೆಯ ರಾತ್ರಿ, ಬಾಣಂತಿ ಕೋಣೆಯಲ್ಲಿ ಕೂಸು ತೊಟ್ಟಿಲಲ್ಲಿ ನಿದ್ದೆ ಮಾಡುತ್ತಿದ್ದಾಗ, ಮಗಳು ಪುಟ್ಟಿಯನ್ನು ಕರೆದು ತನ್ನ ಪಕ್ಕದಲ್ಲಿ ಮಲಗಿಸಿಕೊಂಡಳು. ಮಿಕ್ಕ ಮೂರು ರಾತ್ರಿಯೂ ಹಾಗೆಯೇ ಆಯಿತು. ಬಾಣಂತಿಗೆ ನಿದ್ದೆ ಕೆಡುತ್ತದೆಂದು ಮೊದಲು ಬೇಡವೆಂದಿದ್ದವರು ನಾವೇ.

ಹೊಲಿಗೆಯ ಪೆಟ್ಟಿಗೆ ತೆರೆಯಿತು. ಗಟ್ಟಿಯಾಗಿದ್ದ ಎಡಗಿವಿಯನ್ನು ನನ್ನವಳು ಕತ್ತರಿಸಿ ತೆಗೆದಳು. ಕರಗಿ ಹೆಪ್ಪುಗಟ್ಟಿದ ಅಂಚು ಮಗುವಿನ ಬೆರಳನ್ನು ಗೀರುವಂತಿತ್ತು. ಅದರ ಬದಲು ಮಗಳ ಹಳೆಯದೊಂದು ನೂಲಿನ ಸೀರೆಯಿಂದ, ಒಗೆದು ಒಗೆದು ಮೆತ್ತಗಾಗಿದ್ದ ನೀಲಿ ಸೆರಗಿನ ತುಂಡನ್ನು ತೆಗೆದು, ಎರಡು ಪದರ ಮಾಡಿ ಹೊಸ ಕಿವಿ ಹೊಲಿದಳು. ಬೆನ್ನನ್ನೂ ಕಂಕುಳನ್ನೂ ಒತ್ತೊತ್ತಾದ ಜೋಡಿ ಹೊಲಿಗೆಯಿಂದ ಮುಚ್ಚಿದಳು. ನೀರಿಗಿಳಿಸುವ ಮುನ್ನ ಮತ್ತೆ ತೂಗಲು ಅನುಕೂಲವಾಗಲೆಂದು ತೂಕವನ್ನು ನಾನು ಡೈರಿಯಲ್ಲಿ ಬರೆದಿಟ್ಟೆ. ಹೊಸ ಕಿವಿ ಸೇರಿ 406 ಗ್ರಾಂ.

ಪುಟ್ಟಿ ಗುಂಡನನ್ನು ತೆಗೆದುಕೊಂಡು ಮುಖಕ್ಕೆ ಒತ್ತಿ ಉಸಿರೆಳೆದಳು. ಮುಖ ಸಪ್ಪಗಾಯಿತು. “ಅಜ್ಜ, ಇವನಲ್ಲಿ ಗುಂಡನ ವಾಸನೆ ಇಲ್ಲ” ಎಂದಳು. ವಿನಿಕಾಟ್ ಮಹಾಶಯರು ಹೇಳಿದ್ದು ಇದನ್ನೇ. ಏನು ಹೇಳಲೆಂದು ನಾನು ತಡವರಿಸುತ್ತಿರುವಾಗ ಅವಳ ಬೆರಳುಗಳು ತಾವಾಗಿಯೇ ಎಡಗಿವಿಯನ್ನು ಹುಡುಕಿಕೊಂಡು ಹೋದವು. ಸೆರಗಿನ ಬಟ್ಟೆಯನ್ನು ಮುಟ್ಟಿ ನಿಂತವು. ಒಮ್ಮೆ ಉಜ್ಜಿದಳು, ಮತ್ತೊಮ್ಮೆ ಉಜ್ಜಿದಳು. “ಇದು ಅಮ್ಮನ ಸೀರೆ” ಎಂದಳು. ಯಾರೂ ಹೇಳಿಕೊಟ್ಟಿರಲಿಲ್ಲ.

ಮುಂದಿನ ವಾರಗಳಲ್ಲಿ ಪುಟ್ಟಿಯ ಕೆಮ್ಮು ಕಡಿಮೆಯಾಯಿತು. ಕರಡಿಯ ಸ್ನಾನದಿಂದಲೇ ಆಯಿತೆಂದು ನಾನು ಜಂಬ ಕೊಚ್ಚಲಾರೆ. ಹಾಸಿಗೆ, ದಿಂಬು, ಹೊದಿಕೆಗಳ ಬಟ್ಟೆಗಳನ್ನೆಲ್ಲ ಬಿಸಿನೀರಿಗೆ ಹಾಕಿದ್ದೆವು. ವೈದ್ಯರು ಕೊಟ್ಟ ಇನ್‌ಹೇಲರನ್ನು ಒಂದು ಹೊತ್ತೂ ತಪ್ಪಿಸಿರಲಿಲ್ಲ. ಗುಂಡ ಎರಡು ವಾರಕ್ಕೊಮ್ಮೆ ಹಿಮಾಲಯಕ್ಕೆ ಹೋಗಿಬರುವುದೆಂದು ನಿಶ್ಚಯವಾಯಿತು. ಪ್ರತಿ ಸಲವೂ ಕೊರಳಿಗೆ ಕೈವಸ್ತ್ರ ಕಟ್ಟಿಯೇ ಕಳುಹಿಸಬೇಕು. ತೊಳೆಯುವುದು ಮಾತ್ರ ಬಿಸಿಲು ಕಂಡ ಮೇಲೆ.

ಗುಂಡ ಮರಳಿದ ಮೊದಲ ರಾತ್ರಿ ಪುಟ್ಟಿ ಬೇಗನೆ ನಿದ್ದೆ ಹೋದಳು. ಬೆಳಗ್ಗೆ ನೋಡಿದರೆ ನೀಲಿ ಕಿವಿ ಅವಳ ಬಾಯಲ್ಲಿತ್ತು. ಜೊಲ್ಲಿನಿಂದ ತೊಯ್ದು ತೊಪ್ಪೆಯಾಗಿತ್ತು. ನಾನು ಅಡುಗೆಮನೆಗೆ ಹೋಗಿ ತಕ್ಕಡಿ ತಂದೆ.